ತ್ರಿವುಡೆ ತಾಳದಲ್ಲಿ ಪ್ರವೀಣನ ರಜೆ

2002ರ ಸೆಪ್ಟೆಂಬರ್ 20, ಶುಕ್ರವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಕುವೈತಿನ ರಿಗ್ಗೈಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಯಕ್ಷಗಾನದ ತಾಲೀಮಿಗೆ ಹನ್ನೊಂದು ಜನ ಸೇರಿದ್ದೆವು. ಚೆಂಡೆ ನನ್ನ ಕಾರಿನಲ್ಲಿ ಬಂದಿತ್ತು. ಚೆಂಡೆ ಬಾರಿಸುವವನು ಬಂದಿರಲಿಲ್ಲ.

ನಾಲ್ಕೂಕಾಲಿಗೆ ನನ್ನ ಮೊಬೈಲ್ ಬಡಿದುಕೊಂಡಿತು. ಪ್ರವೀಣ. ಶುಐಬಾದ ಕಾರ್ಖಾನೆಯಿಂದ ಮಾತಾಡುತ್ತಿದ್ದ, ಹಿಂದೆ ಯಂತ್ರದ ಸದ್ದು. ಗೊಬ್ಬರದ ಚೀಲ ತುಂಬುವ ಲೈನಿನಲ್ಲಿ ಅವನಿಗೆ ಡ್ಯೂಟಿ. ಟೀ ಬ್ರೇಕಿನಲ್ಲಿ ಫೋನ್ ಮಾಡಿದ್ದ.

ಶುಕ್ರವಾರ ನಿನಗೆ ರಜೆಯಲ್ಲವಾ ಎಂದು ಕೇಳಿದೆ. ನಾನೂ ಹಾಗೇ ಅಂದುಕೊಂಡಿದ್ದೆ ಸಾರ್ ಎಂದ.

ಇಲ್ಲಿ ನನ್ನ ತಪ್ಪನ್ನು ದಾಖಲಿಸಬೇಕು. ನಾನು ಇಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು. ಎರಡು ಮೂಲಗಳಿಂದ ಖಚಿತವಾಗದ ಸುದ್ದಿಯನ್ನು ಪುಟಕ್ಕೆ ಬಿಡುವುದಿಲ್ಲ. ಸೆಪ್ಟೆಂಬರ್ 6ರ ಶುಕ್ರವಾರ ಪ್ರವೀಣನಿಗೆ ರಜೆ ಇತ್ತು, ತಾಲೀಮಿಗೆ ಬಂದ. 13ರ ಶುಕ್ರವಾರವೂ ರಜೆ ಇತ್ತು, ಬಂದ. ಎರಡು ಶುಕ್ರವಾರ, ಎರಡು ಮೂಲ. ಸುದ್ದಿ ಖಚಿತ. ಅಕ್ಟೋಬರ್ 18, ಶುಕ್ರವಾರ ಸಂಜೆಗೆ ಒಂದು ಶಾಲೆಯ ಸಭಾಂಗಣವನ್ನು ನಾನೇ ಬುಕ್ ಮಾಡಿದೆ.

ಮೂರನೇ ಶುಕ್ರವಾರ ಸುದ್ದಿ ಸುಳ್ಳಾಯಿತು.

ಆದದ್ದು ಇಷ್ಟೇ. ಪ್ರವೀಣ ಹಳೆಯ ಕೆಲಸ ಹೋಗಿ ಹೊಸ ಕೆಲಸಕ್ಕೆ ಸೇರಿದ್ದು ಆಗಸ್ಟ್ ಕೊನೆಯಲ್ಲಿ. ಲೈನು ಒಂದು ದಿನವೂ ನಿಲ್ಲಬಾರದು ಎಂದು ಅಲ್ಲಿ ಆರು ದಿನ ಕೆಲಸ, ಎರಡು ದಿನ ರಜೆ. ಪಾಳಿ ಮಾತ್ರ ಖಾಯಂ, ಮಧ್ಯಾಹ್ನ ಎರಡರಿಂದ ಹತ್ತು. ಆರಕ್ಕೆ ಎರಡು ಕೂಡಿಸಿದರೆ ಎಂಟು. ವಾರಕ್ಕೆ ದಿನ ಏಳು. ಅವನ ರಜೆ ವಾರದ ಜೊತೆ ನಡೆಯುವುದಿಲ್ಲ, ಪ್ರತಿ ಸಲ ಒಂದು ದಿನ ಮುಂದಕ್ಕೆ ಜಾರುತ್ತದೆ. ಎರಡು ಶುಕ್ರವಾರ ಸಿಕ್ಕಿದ್ದು ಅದೃಷ್ಟ. ಉಳಿದ ನಮಗೆಲ್ಲ, ಅಂಗಡಿಯವರಿಗೆ, ಆಫೀಸಿನವರಿಗೆ, ಇಡೀ ರಜೆ ಅಂತ ಇರುವುದು ಶುಕ್ರವಾರ ಒಂದೇ.

ರಜೆ ಕೇಳಬಾರದೇ? ಮೂರು ತಿಂಗಳ ಪ್ರೊಬೇಷನ್. ಕೇಳಿದರೆ ಖಲಾಸ್. ಪಾಳಿ ಅದಲುಬದಲು? ಅದಕ್ಕೂ ಮೂರು ತಿಂಗಳು ಕಾಯಬೇಕು.

ಪ್ರವೀಣ ಯಾರು ಎಂದು ಹೇಳಿದರೆ ಉಳಿದದ್ದು ಅರ್ಥವಾಗುತ್ತದೆ. ಊರಲ್ಲಿ ಹದಿಮೂರನೇ ವಯಸ್ಸಿಗೆ ಚೆಂಡೆಯ ಕೋಲು ಹಿಡಿದವನು. ಕುವೈತಿಗೆ ಬಂದು ನಾಲ್ಕು ವರ್ಷ. ಎರಡನೇ ವರ್ಷ ಊರಿಂದ ಬರುವಾಗ ಬಟ್ಟೆಗಳನ್ನೆಲ್ಲ ಬಿಟ್ಟು ಚೆಂಡೆ ತಂದ. (ಏರ್‌ಪೋರ್ಟಿನಲ್ಲಿ ಇದೇನು ಎಂದು ಕೇಳಿದಾಗ ಮಾತಲ್ಲಿ ಹೇಳಲಾಗದೆ ಬಾರಿಸಿ ತೋರಿಸಿದನಂತೆ. ಬೇಗ ಬಿಟ್ಟರಂತೆ.) ಆಮೇಲೆ ಈ ತಾಲೀಮು ಶುರುವಾಗುವ ತನಕ ಆ ಚೆಂಡೆ ರೂಮಿನ ಕಪಾಟಿನ ಮೇಲೇ ಇತ್ತು. ಆರು ಜನರ ರೂಮಿನಲ್ಲಿ ಚೆಂಡೆ ಬಾರಿಸುವುದು ಹೇಗೆ? ಒಂದು ಇಡೀ ಪ್ರಸಂಗಕ್ಕೆ ಬಾರಿಸುವ ಅವಕಾಶ ಅವನಿಗೆ ಇಲ್ಲಿ ಸಿಕ್ಕಿದ್ದು ಇದೇ ಮೊದಲು. ನಮಗೂ ಅಷ್ಟೇ, ಚೆಂಡೆಗೆ ಬೇರೆ ಜನ ಇಲ್ಲ.

ಫೋನಿನ ಕೊನೆಯಲ್ಲಿ ಅವನು ಹೇಳಿದ್ದು: "ನನ್ನಿಂದಾಗಿ ಆಟ ನಿಲ್ಲುವುದು ಬೇಡ ಸಾರ್. ಸಂಜೀವಣ್ಣನಿಗೆ ಹೇಳಿ, ಚೆಂಡೆಗೆ ಕ್ಯಾಸೆಟ್ ಹಾಕಿ."

ಸಂಜೀವಣ್ಣ ನಮ್ಮ ಮದ್ದಳೆಗಾರರು. ಸಾಲ್ಮಿಯಾದ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಲೆಕ್ಕದಲ್ಲಿ ಎರಡು ಸಲ ಫೇಲಾಗಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು; ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಕ್ಯಾಸೆಟ್ಟಿನ ಮಾತು ತಲುಪಿಸಿದೆ. ಅವರು ಮದ್ದಳೆಯ ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ಕ್ಯಾಸೆಟ್ ನನ್ನ ಮುಖ ನೋಡ್ತದಾ?" ಎಂದರು.

ತಾಲೀಮು ನಿಂತಿತು. ಚಹಾ ಬಂತು.

ಅಂದು ನನ್ನ ಜೊತೆ ಮಗಳೂ ಇದ್ದಳು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಮನೆಯಲ್ಲಿ ಬಿಡುವ ಹಾಗಿಲ್ಲ. ಆರನೇ ಕ್ಲಾಸು. ನೆಲಮಾಳಿಗೆಯ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ವಿಷಯ ಲ.ಸಾ.ಅ., ಅವಳ ಭಾಷೆಯಲ್ಲಿ ಎಲ್‌ಸಿಎಂ. ಬರುವಾಗ ಕಾರಿನಲ್ಲಿ ಅವಳು ಕೇಳಿದ ಪ್ರಶ್ನೆ ನಿಮ್ಮ ಮನೆಯಲ್ಲೂ ಕೇಳಿಬಂದಿರುತ್ತದೆ. ಇದು ಜೀವನದಲ್ಲಿ ಎಲ್ಲಿ ಯೂಸ್ ಆಗುತ್ತದೆ? ಇಪ್ಪತ್ತು ವರ್ಷ ಪತ್ರಿಕೆಯಲ್ಲಿದ್ದೇನೆ, ಲ.ಸಾ.ಅ. ಬೇಕಾದ ಒಂದು ಸುದ್ದಿಯೂ ನನ್ನ ಮೇಜಿಗೆ ಬಂದಿಲ್ಲ.

ಅದು ಒಂದು ಗಂಟೆಯೊಳಗೆ ಬರಲಿತ್ತು.

ಪ್ರವೀಣನ ರಜೆ ಮತ್ತೆ ಶುಕ್ರವಾರಕ್ಕೆ ಯಾವಾಗ ಬೀಳುತ್ತದೆ? ನಾನು ಡೈರಿ ತೆಗೆದು ಪೆನ್ಸಿಲಿನಿಂದ ಒಂದೊಂದೇ ದಿನ ಗುರುತು ಹಾಕತೊಡಗಿದೆ. ಸಂಜೀವಣ್ಣ ನೋಡಿದರು. ಅವನಿಗೆ ಎಷ್ಟಕ್ಕೆ ಸುತ್ತು ಎಂದು ಕೇಳಿದರು. ಎಂಟು ಎಂದೆ. ನಮಗೆ? ಏಳು.

"ಅಷ್ಟೇ ಅಲ್ವಾ. ನಮ್ಮದು ತ್ರಿವುಡೆ, ಅವನದ್ದು ಆದಿ," ಎಂದರು.

ತ್ರಿವುಡೆ ಏಳು ಅಕ್ಷರದ ತಾಳ. ಆದಿತಾಳಕ್ಕೆ ಎಂಟು. ಸಂಜೀವಣ್ಣ ಚಕ್ಕಳಮಕ್ಕಳ ಹಾಕಿ ಕೂತರು. ಎರಡೂ ಅಂಗೈಗಳನ್ನು ಎರಡು ತೊಡೆಗಳ ಮೇಲೆ ಒಟ್ಟಿಗೆ ತಟ್ಟಿ ಶುರು ಮಾಡಿದರು. ಬಲಗೈ ಏಳಕ್ಕೊಮ್ಮೆ, ಎಡಗೈ ಎಂಟಕ್ಕೊಮ್ಮೆ, ನಡುವಿನ ಅಕ್ಷರಗಳು ಬೆರಳಲ್ಲಿ. ಮೊದಲ ಸುತ್ತಿನಲ್ಲಿ ಬಲಗೈ ಒಂದಕ್ಷರ ಬೇಗ ಬಿತ್ತು. ಎರಡನೆಯದರಲ್ಲಿ ಎರಡು. ಎರಡು ಪೆಟ್ಟುಗಳ ನಡುವಿನ ಜಾಗ ಸ್ವಲ್ಪ ಸ್ವಲ್ಪವೇ ಅಗಲವಾಗುವುದು ಕಿವಿಗೆ ಗೊತ್ತಾಗುತ್ತಿತ್ತು. ನಾಲ್ಕಾದ ಮೇಲೆ ಇನ್ನೊಂದು ಕಡೆಯಿಂದ ಹತ್ತಿರ ಬರತೊಡಗಿತು.

ಮಗಳು ಪುಸ್ತಕ ಬಿಟ್ಟು ಎದ್ದು ಬಂದಳು. ಏನಾಗುತ್ತಿದೆ ಎಂದು ಅರ್ಥವಾದದ್ದು ಅವಳಿಗೇ ಮೊದಲು. ಓಡಿ ಹೋಗಿ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದಳು. ಎರಡು ಅಂಗೈಗಳೂ ಒಟ್ಟಿಗೆ ತೊಡೆಗೆ ಬಿದ್ದ ಕ್ಷಣದಲ್ಲೇ ಅವಳು ಪೆನ್ಸಿಲ್ ಎತ್ತಿದಳು.

"ಫಿಫ್ಟಿ ಸಿಕ್ಸ್," ಎಂದಳು ಮಗಳು.

"ಅದೆಲ್ಲ ಗೊತ್ತಿಲ್ಲ ಮಗಾ. ತ್ರಿವುಡೆ ಎಂಟು ಸುತ್ತು, ಆದಿ ಏಳು ಸುತ್ತು. ಅಲ್ಲಿ ಸಮಕ್ಕೆ ಸಮ ಬೀಳ್ತದೆ," ಎಂದರು ಸಂಜೀವಣ್ಣ.

ಎಂಟು ಏಳಲಿ ಐವತ್ತಾರು. ಏಳು ಎಂಟಲಿ ಐವತ್ತಾರು. ಎಂಟು ವಾರ.

ಶಾಲೆಯ ಟೈಮ್‌ಟೇಬಲ್ಲಿನಲ್ಲಿ ಗಣಿತ ಮೊದಲ ಪಿರಿಯಡ್, ಸಂಗೀತ ಮತ್ತು ಚಿತ್ರಕಲೆ ಕೊನೆಯವು. ಪೋರ್ಷನ್ ಮುಗಿಯದಿದ್ದರೆ ಗಣಿತದ ಟೀಚರು ಚಿತ್ರಕಲೆಯ ಪಿರಿಯಡ್ಡನ್ನು ಕೇಳಿ ಪಡೆಯುತ್ತಾರೆ. ವಾಪಸ್ ಕೊಟ್ಟದ್ದನ್ನು ನೋಡಿದವರುಂಟೇ? ಒಂದು ಕೆಲಸದ್ದು, ಇನ್ನೊಂದು ಖುಷಿಗೆ ಎಂದು ನಾವು ಅಲ್ಲೇ ಕಲಿತುಬಿಡುತ್ತೇವೆ. ಸಂಜೀವಣ್ಣನಿಗೆ ಎರಡು ಸಲ ಫೇಲ್ ಎಂದು ಬರೆದುಕೊಟ್ಟ ಮೇಷ್ಟ್ರು ಒಮ್ಮೆ ಅವರ ಕೈಗೆ ಮದ್ದಳೆ ಕೊಟ್ಟು ಪ್ರಶ್ನೆ ಕೇಳಿದ್ದರೆ? (ಮೇಷ್ಟ್ರೇ ಫೇಲಾಗುತ್ತಿದ್ದರು ಎಂದು ಸಂಜೀವಣ್ಣನ ಅಭಿಪ್ರಾಯ.)

ಇರಲಿ. ಎಂಟು ವಾರ ಎಂದರೆ ಯಾವ ತಾರೀಕು? ಈ ಸುಲಭದ ಕೆಲಸವನ್ನು ನಾನು ವಹಿಸಿಕೊಂಡೆ. ಸೆಪ್ಟೆಂಬರ್ 6ರ ಮೇಲೆ ಬೆರಳಿಟ್ಟು ಒಂದು ಎಂದೆ, 13ಕ್ಕೆ ಎರಡು ಎಂದೆ. ಎಂಟು ಎಂದಾಗ ಬೆರಳು ಅಕ್ಟೋಬರ್ 25ರ ಮೇಲಿತ್ತು. ಒಂದೇ ವಾರ ಮುಂದೆ ಹಾಕಿದರೆ ಸಾಕು. ಎಲ್ಲರಿಗೂ ಸಮಾಧಾನವಾಯಿತು. ಶಾಲೆಯ ಕ್ಲಾರ್ಕಿಗೆ ಫೋನ್ ಹಚ್ಚಿದೆ. ಕೇರಳದ ತಿರುವಲ್ಲಾದವರು, ಸಜ್ಜನರು, ಶುಕ್ರವಾರ ಸಂಜೆ ಮನೆಯಲ್ಲಿದ್ದವರು. ಇಪ್ಪತ್ತೈದು ಖಾಲಿ ಇದೆ ಎಂದರು.

ಫೋನಿಟ್ಟು ಚಹಾ ಎತ್ತಿಕೊಂಡೆ. ಸಂಜೀವಣ್ಣ ನನ್ನನ್ನೇ ನೋಡುತ್ತಿದ್ದರು.

"ಪೇಪರ್‌ನವ್ರೆ, ನೀವು ಶುರುವಿನ ಪೆಟ್ಟನ್ನೂ ಒಂದು ಸುತ್ತು ಅಂತ ಲೆಕ್ಕ ಹಾಕಿದ್ರಿ."

ಹೌದು. ತಾಳದಲ್ಲಿ ಮೊದಲ ಪೆಟ್ಟು ಸುತ್ತಿನ ಆರಂಭ, ಅಂತ್ಯವಲ್ಲ. ಅದು ಮತ್ತೆ ಬಂದಾಗ ಒಂದು ಸುತ್ತು. 6ನೇ ತಾರೀಕಿನಿಂದ 13ಕ್ಕೆ ಒಂದು ವಾರ, ಎರಡಲ್ಲ. ನಾನು ಮಾಡಿದ್ದು ಇಡೀ ಒಂದು ವಾರದ ತಪ್ಪು. ಅಕ್ಟೋಬರ್ 23, 24 ಪ್ರವೀಣನಿಗೆ ರಜೆ. 25ಕ್ಕೆ ಅವನು ಮತ್ತೆ ಚೀಲದ ಮುಂದೆ. ತಾಳ ತಪ್ಪಿದ ಭಾಗವತರನ್ನು ನೋಡುವ ಹಾಗೆ ಸಂಜೀವಣ್ಣ ನನ್ನನ್ನು ನೋಡಿದರು. ಮಗಳು ನೋಡಲಿಲ್ಲ, ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಸರಿಯಾಗಿ ಎಣಿಸಿದರೆ ನವೆಂಬರ್ ಒಂದು.

ಆ ತಾರೀಕು ಬಾಯಿಂದ ಹೊರಬಿದ್ದ ಕೂಡಲೇ ನೆಲಮಾಳಿಗೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಹೊರದೇಶದ ಕನ್ನಡಿಗರಿಗೆ ನವೆಂಬರ್ ಒಂದರಂದು, ಅದೂ ಶುಕ್ರವಾರ, ಸಭಾಂಗಣ ಸಿಗುವುದುಂಟೇ? ಆದರೂ ಕ್ಲಾರ್ಕಿಗೆ ಫೋನ್ ಮಾಡಿದೆ. ಎರಡನೇ ಫೋನು. ಅವರು ನಕ್ಕರು. ನಿಮ್ಮವರೇ ಜೂನ್‌ನಲ್ಲಿ ಹಿಡಿದಿಟ್ಟಿದ್ದಾರೆ, ಬೆಳಗ್ಗೆಯಿಂದ ರಾತ್ರಿವರೆಗೆ ಎಂದರು.

ಪ್ರವೀಣನಿಗೆ ಅದರ ಮುಂದಿನ ಶುಕ್ರವಾರವೂ ರಜೆ ಬೀಳುತ್ತದೆ, ನವೆಂಬರ್ 8. ಅದನ್ನು ಹಮೀದ್ ತಳ್ಳಿಹಾಕಿದರು. ಹಮೀದ್ ಉಪ್ಪಿನಂಗಡಿಯ ಬ್ಯಾರಿ, ಇದೇ ಕಟ್ಟಡದ ನೆಲ ಅಂತಸ್ತಿನಲ್ಲಿ ಅವರ ಸ್ಟೇಷನರಿ ಅಂಗಡಿ. ಈ ನೆಲಮಾಳಿಗೆ ಅವರ ಗೋಡೌನು. ಕಾಗದದ ಬಂಡಲುಗಳ ನಡುವೆ ನಮಗೆ ಜಾಗ ಕೊಟ್ಟವರು, ಪ್ರತಿ ತಾಲೀಮನ್ನೂ ಒಂದು ಬಂಡಲಿನ ಮೇಲೆ ಕೂತು ನೋಡುವವರು. 8ಕ್ಕೆ ರಂಜಾನ್ ಉಪವಾಸ ಶುರುವಾಗಿ ಎರಡು ದಿನ ಆಗಿರುತ್ತದೆ, ಚಂದ್ರ ಹೇಗೆ ಕಂಡರೂ ಸರಿ, ಆ ತಿಂಗಳಲ್ಲಿ ಇಲ್ಲಿ ಚೆಂಡೆ ಬಾರಿಸುವುದುಂಟಾ ಎಂದರು. ಅದಾದ ಮೇಲೆ ಎಂಟು ವಾರದ ಸುತ್ತು ಮತ್ತೆ ಡಿಸೆಂಬರ್ ಕೊನೆಗೆ. ಅಷ್ಟರಲ್ಲಿ ಭಾಗವತರು ಊರಿಗೆ, ಎರಡು ವೇಷಧಾರಿಗಳೂ ಊರಿಗೆ.

ಹೀಗೆ ಲೆಕ್ಕ ಸರಿಯಾಯಿತು, ಆಟ ಕೈತಪ್ಪಿತು.

ಸಂಜೀವಣ್ಣ ಮದ್ದಳೆಗೆ ಬಟ್ಟೆ ಹೊದಿಸಿದರು. ಚೆಂಡೆಯನ್ನೂ ಅವರೇ ಚೀಲಕ್ಕೆ ಹಾಕಿದರು. ಯಾರೋ ಮತ್ತೆ ಕ್ಯಾಸೆಟ್ಟಿನ ಮಾತೆತ್ತಿದರು, ಸಂಜೀವಣ್ಣ ಬೆನ್ನು ತಿರುಗಿಸಿ ಚೀಲದ ದಾರ ಬಿಗಿದರು. ಒಪ್ಪಿಗೆ ಎಂದಲ್ಲ. ತಾವೂ ಬರುವುದಿಲ್ಲ ಎಂದು ಅವರ ಬೆನ್ನು ಹೇಳುತ್ತಿತ್ತು.

ಆಗ ಹಮೀದ್ ಬಂಡಲಿನ ಮೇಲಿಂದ ಕೇಳಿದರು.

"ಅಲ್ಲ ಸಂಜೀವಣ್ಣ, ಹುಡುಗನಿಗೆ ಡ್ಯೂಟಿ ಮಧ್ಯಾಹ್ನ ಎರಡಕ್ಕಲ್ವಾ? ಆಟ ಬೆಳಿಗ್ಗೆ ಆಡಿದ್ರೆ ಎಂತ ಆಗ್ತದೆ?"

ಹನ್ನೊಂದು ಜನ ಅವರನ್ನು ನೋಡಿದೆವು.

ಬೆಳಗ್ಗೆ ಯಕ್ಷಗಾನ? ನಮ್ಮಲ್ಲಿ ಯಾರೊಬ್ಬರಿಗೂ ಅದು ಹೊಳೆದಿರಲಿಲ್ಲ. ಹೊಳೆಯಲು ಸಾಧ್ಯವೂ ಇರಲಿಲ್ಲ. ಊರಲ್ಲಿ ಆಟ ರಾತ್ರಿ ಶುರುವಾಗಿ ಬೆಳಕು ಹರಿಯುವಾಗ ಮಂಗಳ ಹಾಡಿ ಮುಗಿಯುವ ಸಂಗತಿ. ಬೆಳಗ್ಗೆ ಎಂದರೆ ಬಣ್ಣ ತೊಳೆದುಕೊಂಡು ಬಸ್ಸು ಹಿಡಿಯುವ ಹೊತ್ತು. ಇಲ್ಲಿಗೆ ಬಂದು ಅದನ್ನು ಸಂಜೆಯ ಮೂರು ಗಂಟೆಗೆ ಕತ್ತರಿಸಿದ್ದೇ ನಮ್ಮ ಮಟ್ಟಿಗೆ ದೊಡ್ಡ ರಿಯಾಯಿತಿ. ಪ್ರವೀಣನ ರಜೆಯ ದಿನಗಳನ್ನು ಏಳರಿಂದಲೂ ಎಂಟರಿಂದಲೂ ಎಣಿಸಿದೆವು. ಅವನಿಗೆ ಪ್ರತಿ ದಿನ, ಮಧ್ಯಾಹ್ನ ಹನ್ನೆರಡೂವರೆಗೆ ಕಂಪನಿ ಬಸ್ಸು ಬರುವ ತನಕ, ಇಡೀ ಬೆಳಗ್ಗೆ ಬಿಡುವು ಎಂಬುದನ್ನು ಯಾರೂ ಎಣಿಸಲಿಲ್ಲ.

ಲೆಕ್ಕ ತಪ್ಪಿರಲಿಲ್ಲ. ಲೆಕ್ಕಕ್ಕೆ ನಾವು ಕೊಟ್ಟ ಷರತ್ತು ತಪ್ಪಿತ್ತು. ಗಣಿತಕ್ಕೆ ಒಂದು ಸ್ವಭಾವವಿದೆ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕಲೆಗೂ ಒಂದು ಸ್ವಭಾವವಿದೆ, ಅಭ್ಯಾಸವಾದದ್ದನ್ನೇ ನಿಯಮ ಎಂದು ನಂಬಿಸಿಬಿಡುತ್ತದೆ. ಎರಡರ ನಡುವೆ ಕಾಗದದ ಬಂಡಲಿನ ಮೇಲೆ ಒಬ್ಬರು ಕೂತಿರಬೇಕು.

ವಿರೋಧ ಬಾರದಿರಲಿಲ್ಲ. ಬೆಳಗ್ಗೆ ಎಂಟೂವರೆಗೆ ರಾಕ್ಷಸನ ವೇಷ ಯಾರು ನೋಡುತ್ತಾರೆ ಎಂದರು ಒಬ್ಬರು. ಚೌಕಿಯಲ್ಲಿ ಬಣ್ಣಕ್ಕೆ ಬೆಳಗಿನ ಜಾವ ನಾಲ್ಕೂವರೆಗೇ ಕೂರಬೇಕು ಎಂದರು ಇನ್ನೊಬ್ಬರು. ಹಮೀದ್ ಎಲ್ಲಕ್ಕೂ ಒಂದೇ ಉತ್ತರ ಕೊಟ್ಟರು. ಊರಲ್ಲಿ ನೀವು ಬೆಳಗ್ಗೆ ಆರರ ತನಕ ಎದ್ದು ಕೂತಿದ್ದವರಲ್ವಾ, ಇಲ್ಲಿ ನೋಡುವವರು ಆರಕ್ಕೆ, ಬಣ್ಣದವರು ನಾಲ್ಕಕ್ಕೆ ಎದ್ದರೆ ಆಯ್ತು, ಅಷ್ಟೇ ವ್ಯತ್ಯಾಸ.

ಅವರದ್ದೂ ಒಂದು ಷರತ್ತಿತ್ತು. ಅಕ್ಟೋಬರ್ ಮಧ್ಯದಲ್ಲಿ ಜುಮಾ ನಮಾಜಿನ ಕರೆ, ಅಂದರೆ ಬಾಂಕ್, ಹನ್ನೊಂದೂವರೆಗೆ ಆಗುತ್ತದೆ, ಶಾಲೆಯ ಗೋಡೆಗೆ ತಾಗಿಯೇ ಮಸೀದಿ, ಅದಕ್ಕೆ ಕಾಲು ಗಂಟೆ ಮುಂಚೆ ಚೆಂಡೆ ನಿಲ್ಲಬೇಕು. ಒಪ್ಪಿದೆವು.

ಎಲ್ಲರೂ ಸಂಜೀವಣ್ಣನ ಕಡೆ ತಿರುಗಿದೆವು. ಅವರು ಚೆಂಡೆಯ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಾನು ಸೂರ್ಯನ ಮುಖ ನೋಡಿ ಮದ್ದಳೆ ಕೆಳಗಿಟ್ಟವ, ಎತ್ತಿದವ ಅಲ್ಲ," ಎಂದರು. ಆಮೇಲೆ, "ಫೋನ್ ಮಾಡಿ ಅವನಿಗೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ನನ್ನ ರೂಮಿಗೆ ಬರ್ಲಿಕ್ಕೆ ಹೇಳಿ. ನನಗೆ ಹೋಟೆಲು ಹತ್ತಕ್ಕೆ."

ಮೂರನೇ ಫೋನು ಕ್ಲಾರ್ಕಿಗೆ. ಅಕ್ಟೋಬರ್ 25 ಬೇಡ, ಮೊದಲಿನ 18ನೇ ತಾರೀಕೇ ಇರಲಿ, ಆದರೆ ಬೆಳಗ್ಗೆ. ಅವರು ಆಯ್ತು ಎಂದು ಬರೆದುಕೊಂಡು, ಇನ್ನು ಇಂದು ಎಷ್ಟು ಸಲ ಫೋನ್ ಮಾಡುವ ಅಂದಾಜಿದೆ ಎಂದು ವಿನಯದಿಂದ ಕೇಳಿದರು. ನಾಲ್ಕನೆಯದು ಪ್ರವೀಣನಿಗೆ. ಲೈನು ಓಡುತ್ತಿತ್ತು, ಎತ್ತಲಿಲ್ಲ. ಮೆಸೇಜ್ ಕಳಿಸಿದೆ: 18ಕ್ಕೆ ಬೆಳಿಗ್ಗೆ ಆಟ. ಒಂದು ಗಂಟೆಯ ಮೇಲೆ ಉತ್ತರ ಬಂತು: ಬೆಳಿಗ್ಗೆಯಾ ಸಾರ್?

ಇದಾದ ಮೇಲಿನ ನಾಲ್ಕು ವಾರದಲ್ಲಿ ಪ್ರವೀಣ, ಸಂಜೀವಣ್ಣ ಇಬ್ಬರೂ ಸೇರಿ ಹದಿನೈದು ಬೆಳಗ್ಗೆ ಸಾಧನೆ ಮಾಡಿದರು. ಹಾಸಿಗೆಯ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟು ಕೋಲು ಓಡಿಸುವುದು, ನೆರೆಯವರಿಗೆ ನಿದ್ದೆ ಕೆಡಬಾರದಲ್ಲ. ನನ್ನ ಮಗಳು ಈಗ ಲ.ಸಾ.ಅ.ವನ್ನು ತೊಡೆ ತಟ್ಟಿ ಮಾಡುತ್ತಾಳೆ. ಪರೀಕ್ಷೆಯ ನಡುವೆ ಸದ್ದು ಮಾಡುತ್ತಿದ್ದಾಳೆ ಎಂದು ಡೈರಿಯಲ್ಲಿ ಟೀಚರ್ ಬರೆದು ಕಳಿಸಿದ್ದಾರೆ. ಸಹಿ ಹಾಕಿ ಕಳಿಸಿದೆ.

ಅಕ್ಟೋಬರ್ 18, ಕಳೆದ ಶುಕ್ರವಾರ. ಚೌಕಿಯಲ್ಲಿ ನಾಲ್ಕೂವರೆಗೆ ದೀಪ ಹಚ್ಚಿದರು. ಎಂಟೂವರೆಗೆ ಶುರುವಾದಾಗ ಸಭಾಂಗಣ ಮುಕ್ಕಾಲು ತುಂಬಿತ್ತು, ಒಂಬತ್ತಕ್ಕೆ ಪೂರ್ತಿ. ಕೆಲವರು ತಿಂಡಿಯ ಡಬ್ಬಿಯೊಂದಿಗೆ ಬಂದಿದ್ದರು. ಮಕ್ಕಳು ನಿದ್ದೆ ಮಾಡದೆ ಇಡೀ ಆಟ ನೋಡಿದ್ದನ್ನು ನಾನು ಮೊದಲ ಸಲ ಕಂಡೆ.

ನನ್ನ ಕಣ್ಣು ಮಾತ್ರ ಗಡಿಯಾರದ ಮೇಲಿತ್ತು. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಯುದ್ಧದ ಸನ್ನಿವೇಶ ಜೋರಾಗಿ ನಡೆಯುತ್ತಿತ್ತು. ವೇಷಧಾರಿಗೆ ಹುಮ್ಮಸ್ಸು ಬಂದಿತ್ತು, ಸುತ್ತು ಹಾಕುತ್ತಲೇ ಇದ್ದ, ಮುಗಿಸುವ ಲಕ್ಷಣ ಇಲ್ಲ. ಹಮೀದ್ ಸೈಡ್ ವಿಂಗಿನಲ್ಲಿ ನಿಂತು ಕೈಗಡಿಯಾರ ತೋರಿಸಿದರು. ಭಾಗವತರು ನೋಡಲಿಲ್ಲ. ಸಂಜೀವಣ್ಣ ನೋಡಿದರು.

ಅವರು ಪ್ರವೀಣನ ಕಡೆ ತಿರುಗಿದರು. ಮದ್ದಳೆ ಬಿಡಲು ಆಗುವುದಿಲ್ಲ, ಕೈ ಎತ್ತಿ ಬೆರಳು ತೋರಿಸಲು ಆಗುವುದಿಲ್ಲ. ಹುಬ್ಬು ಎತ್ತಿದರು. ಒಂದು, ಎರಡು, ಮೂರು, ನಾಲ್ಕು. ಪ್ರವೀಣ ತಲೆಯಾಡಿಸಿದ. ನಾಲ್ಕು ಸುತ್ತು. ಚೆಂಡೆ ಏರುತ್ತ ಹೋಯಿತು, ವೇಷಧಾರಿಗೆ ಅರ್ಥವಾಯಿತು, ಕೊನೆಯ ಪೆಟ್ಟಿಗೆ ಅವನ ಕಾಲು, ಮದ್ದಳೆ, ಚೆಂಡೆ, ಭಾಗವತರ ತಾಳ, ನಾಲ್ಕೂ ಒಟ್ಟಿಗೆ ಬಿದ್ದವು.

ಮಂಗಳ ಮುಗಿದಾಗ ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ.

ಹನ್ನೆರಡೂವರೆಯ ಬಸ್ಸಿನಲ್ಲಿ ಪ್ರವೀಣ ಶುಐಬಾಕ್ಕೆ ಹೋದ. ಬೆರಳಿಗೆ ಪ್ಲಾಸ್ಟರ್ ಇತ್ತು. ಚೆಂಡೆ ನನ್ನ ಕಾರಿನ ಡಿಕ್ಕಿಯಲ್ಲಿ ಉಳಿಯಿತು.

ಅವನಿಗೆ ಮುಂದಿನ ಶುಕ್ರವಾರದ ರಜೆ ನವೆಂಬರ್ ಒಂದಕ್ಕೆ. ಅಂದಿನ ರಾಜ್ಯೋತ್ಸವ ಕಾರ್ಯಕ್ರಮದವರು ಭಾನುವಾರ ಫೋನ್ ಮಾಡಿ, ಬೆಳಗ್ಗೆ ಎಂಟಕ್ಕೆ ಮೆರವಣಿಗೆಗೆ ಚೆಂಡೆ ಬಾರಿಸಲು ಅವನನ್ನು ಕರೆದಿದ್ದಾರೆ. ಬೆಳಗ್ಗೆ ಆಗುವುದಿಲ್ಲ, ಸಂಜೀವಣ್ಣನ ಜೊತೆ ಸಾಧನೆ ಇದೆ, ಸಂಜೆಯಾದರೆ ಬರುತ್ತೇನೆ ಎಂದು ಅವನು ಹೇಳಿದ್ದಾನೆ.